ಸೋತ ಮ್ಯಾಚು, ನಾಲ್ಕು ಕವಡೆ

ನಮ್ಮ ಯಜಮಾನ್ರು ಬೈಕಿಂದ ಬಿದ್ದು ತಲೆಗೆ ಪೆಟ್ಟಾದ ಮೇಲೆ ಅವರ ಜೊತೆ ಕೂತು ಸಿನಿಮಾ ನೋಡೋದು ನಿಂತೇಹೋಗಿತ್ತು. ಹಾಸನದಲ್ಲಿ ಟಾಕೀಸಿಗೆ ಹೋದ್ರೆ ಆ ಸದ್ದು, ಆ ಬೆಳಕು ತಡೆಯಲ್ಲ. ಮನೇಲಿ ಹಾಕಿದ್ರೆ ಅರ್ಧ ಗಂಟೆಗೆ ‘ಇವನ್ಯಾರು, ಆಗಲೇ ಸತ್ತಿದ್ನಲ್ಲ?’ ಅಂತಾರೆ. ಈಗ ಕಂಡಿದ್ದನ್ನ ಹಿಡಿದಿಟ್ಟು ಮುಂದಿನ ಸೀನಿಗೆ ಜೋಡಿಸೋದೇ ಪೆಟ್ಟಾದ ಮಿದುಳಿಗೆ ದೊಡ್ಡ ಕೆಲಸ, ಬೇಗ ಸುಸ್ತಾಗುತ್ತೆ. ನೆಂಟರು ಅದನ್ನ ಸೋಮಾರಿತನ ಅಂದ್ಕೊಳ್ಳೋದು ಬೇರೆ.

ಈಗ ನಮ್ಮದು ಹಳೇ ಕ್ರಿಕೆಟ್ಟು. 1999ರ ಕೋಲ್ಕತ್ತಾ ಟೆಸ್ಟು, ಪಾಕಿಸ್ತಾನದ ಮೇಲೆ ಜಾವಗಲ್ ಶ್ರೀನಾಥ್ 86 ರನ್ನಿಗೆ 8 ವಿಕೆಟ್ ಕಿತ್ತಿದ್ದು. (ಜಾವಗಲ್ ನಮ್ಮ ಅರಸೀಕೆರೆ ತಾಲ್ಲೂಕು. ಹಾಗಾಗಿ ನಮ್ಮೋರೇ!) ಸೋತ ಮ್ಯಾಚು, ಗೊತ್ತು. ಗೊತ್ತಿರೋದೇ ಅನುಕೂಲ. ಕತೆ ನೆನಪಿಟ್ಕೊಳ್ಳೋ ಗೋಜಿಲ್ಲ, ಅಷ್ಟು ಹಿಂದಿನದೆಲ್ಲ ಇವರ ತಲೇಲಿ ಗಟ್ಟಿಯಾಗೇ ಇದೆ. ವಿಕೆಟ್ ಬೀಳೋ ಮೊದಲೇ ನನ್ನ ಮೊಣಕೈ ತಿವಿದು ‘ಈಗ ನೋಡು’ ಅಂತಾರೆ. ಕ್ರಿಕೆಟ್ ಅಂದ್ರೆ ಎದ್ದು ಹೋಗ್ತಿದ್ದ ನಾನು ಈಗ ಕಾಯ್ಕೊಂಡು ಕೂತಿರ್ತೀನಿ.

ಕರೆಂಟ್ ಹೋದ್ರೆ ಚೌಕಾಬಾರ. ಸೀಮೆಸುಣ್ಣದಲ್ಲಿ ಮನೆ ಬರೆದು, ನಾಲ್ಕು ಕವಡೆ ಹಿಡ್ಕೊಂಡು ಕೂರ್ತೀವಿ. ಯಾರ ಸರದಿ ಅನ್ನೋದು ಇವರಿಗೆ ಮರೆತುಹೋಗುತ್ತೆ, ಅದಕ್ಕೆ ಆಡಬೇಕಾದವರ ಮುಂದೆ ಕವಡೆ ಬಟ್ಟಲು ಇಡ್ತೀವಿ. ನನ್ನ ಕಾಯಿ ಹೊಡೆಯೋದು ಮಾತ್ರ ಯಾವತ್ತೂ ಮರೆಯಲ್ಲ ಮಾರಾಯ್ರೆ!