ಗಡಿಯಾರ ಓದಿದ ಡಿಕೋಡರ್

ಮಧ್ಯಾಹ್ನ ಮೂರಕ್ಕೆ ಪರದೆಯ ಮೇಲೆ ಡಿಕೋಡರ್‌ನ, ಅಂದರೆ ನರದ ಸಂಕೇತ ಓದಿ ಅರ್ಥ ಹೇಳುವ ಪ್ರೋಗ್ರಾಂನ, ನಿಖರತೆ ಶೇಕಡಾ ನೂರರ ಹತ್ತಿರ ಬಂದು ನಿಂತಾಗಲೇ ಅನುಮಾನ ಹುಟ್ಟಿತು. ನರದ ಸುತ್ತ ಪಟ್ಟಿಯಂತೆ ಕೂರುವ ಕಫ್ ಎಲೆಕ್ಟ್ರೋಡ್ ಅಷ್ಟು ಧಾರಾಳಿಯಲ್ಲ.

ಕೆಲಸ ಇಷ್ಟು: ಅರಿವಳಿಕೆಯಲ್ಲಿರುವ ಇಲಿಯ ತೊಡೆಯ ಸಯಾಟಿಕ್ ನರಕ್ಕೆ ಸಿಲಿಕೋನ್ ಕಫ್ ಸುತ್ತಬೇಕು. ಪಾದವನ್ನು ಮೇಲಕ್ಕೆ ಬಗ್ಗಿಸಿದಾಗ, ಕೆಳಕ್ಕೆ ಬಗ್ಗಿಸಿದಾಗ, ಹಿಮ್ಮಡಿಯನ್ನು ನೈಲಾನ್ ಎಳೆಯಿಂದ ಒತ್ತಿದಾಗ ನರದಲ್ಲಿ ಓಡುವ ಸಂಕೇತ ನೋಡಿ, ಮೂರರಲ್ಲಿ ಯಾವುದೆಂದು ಕಂಪ್ಯೂಟರ್ ಹೇಳಬೇಕು. ನರದೊಳಕ್ಕೆ ಸೂಜಿ ಇಳಿಸುವುದಿಲ್ಲವಾದ್ದರಿಂದ ಸಿಗುವುದು ಕೆಲವೇ ಮೈಕ್ರೋವೋಲ್ಟ್. 10 ಕಿಲೋಓಮ್‌ನ ಎಲೆಕ್ಟ್ರೋಡ್ 10 ಕಿಲೋಹರ್ಟ್ಸ್ ಬ್ಯಾಂಡ್‌ವಿಡ್ತ್‌ನಲ್ಲಿ ಬರೀ ಶಾಖದಿಂದಲೇ ಸುಮಾರು 1.3 ಮೈಕ್ರೋವೋಲ್ಟ್ ಗದ್ದಲ ಎಬ್ಬಿಸುತ್ತದೆ. ಪಕ್ಕದ ಸ್ನಾಯುವಿನದೋ ಮಿಲಿವೋಲ್ಟ್ ಲೆಕ್ಕ.

ಬೆಳಗಿನ ಹೊತ್ತೆಲ್ಲ ಕಫ್‌ಗೇ ಹೋಗಿತ್ತು. ಒಳವ್ಯಾಸ ನರಕ್ಕಿಂತ ತುಸು ದೊಡ್ಡದಿರಬೇಕು. ಬಿಗಿಯಾದರೆ ಊದಿಕೊಂಡ ನರ ಅಲ್ಲೇ ಅದುಮಿಹೋಗುತ್ತದೆ, ಸಡಿಲವಾದರೆ ಸಂಕೇತ ಸುತ್ತಲಿನ ದ್ರವಕ್ಕೆ ಸೋರುತ್ತದೆ. ಕಫ್‌ನೊಳಗಿನ ಮೂರು ಎಲೆಕ್ಟ್ರೋಡ್ ಉಂಗುರಗಳ ಪೈಕಿ ತುದಿಯ ಎರಡನ್ನು ಒಟ್ಟು ಸೇರಿಸಿ, ನಡುವಿನದನ್ನು ಅವುಗಳೆದುರು ಅಳೆದರೆ ಹೊರಗಿನ ಸ್ನಾಯುವಿನ ವೋಲ್ಟೇಜ್ ಬಹುಪಾಲು ರದ್ದಾಗುತ್ತದೆ. ತುದಿಗಳ ಇಂಪೀಡೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) ಸಮವಿದ್ದರೆ ಮಾತ್ರ. 1 ಕಿಲೋಹರ್ಟ್ಸ್‌ನಲ್ಲಿ ಅಳೆದಾಗ ಒಂದು ತುದಿ ಇನ್ನೊಂದರ ಎರಡರಷ್ಟು ತೋರಿಸಿತು. ಕಫ್‌ನ ಬಾಯಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡಿತ್ತು. ಬೆಚ್ಚಗಿನ ಸಲೈನ್ ಹನಿಸಿದ ಮೇಲೆ ಸರಿಹೋಯಿತು.

ಇನ್ನು ಆ ನೂರರ ಹತ್ತಿರದ ಅಂಕ. ಸಂಕೇತವನ್ನು 100 ಮಿಲಿಸೆಕೆಂಡ್‌ನ ತುಂಡುಗಳಾಗಿ, ಅರ್ಧರ್ಧ ಒಂದರ ಮೇಲೊಂದು ಬರುವಂತೆ ಕತ್ತರಿಸಲಾಗಿತ್ತು. ಅವನ್ನು ಕಲಸಿ ತರಬೇತಿಗೆ ಇಷ್ಟು, ಪರೀಕ್ಷೆಗೆ ಇಷ್ಟು ಎಂದು ಹಂಚಿದರೆ ಪರೀಕ್ಷೆಯ ತುಂಡಿನ ಅರ್ಧಭಾಗವನ್ನು ಡಿಕೋಡರ್‌ನ ಮಾದರಿ ಆಗಲೇ ನೋಡಿರುತ್ತದೆ. ಟ್ರಯಲ್‌ಗಳನ್ನು, ಅಂದರೆ ಒಂದೊಂದು ಸಲ ಬಗ್ಗಿಸಿದ ಅಥವಾ ಒತ್ತಿದ ದಾಖಲೆಗಳನ್ನು, ಇಡಿಯಾಗಿ ಬೇರ್ಪಡಿಸಿದಾಗ ಅಂಕ ಇಳಿಯಿತು, ಆದರೂ ನಂಬುವಷ್ಟು ಇಳಿಯಲಿಲ್ಲ.

ಕಳ್ಳ ಸಿಕ್ಕಿದ್ದು ಮುಂದಿನ ಪರೀಕ್ಷೆಯಲ್ಲಿ. ಪ್ರತಿ ಟ್ರಯಲ್‌ಗೆ ಮುಂಚಿನ ಅರ್ಧ ಸೆಕೆಂಡಿನಲ್ಲಿ ಪಾದ ಅಲುಗಿರುವುದಿಲ್ಲ, ನರದಲ್ಲಿ ಸುದ್ದಿಯೂ ಇರಬಾರದು. ಆ ಖಾಲಿ ಭಾಗವನ್ನಷ್ಟೇ ಕೊಟ್ಟರೂ ಡಿಕೋಡರ್ ಮುಂದೆ ಬರುವುದೇನೆಂದು ಸರಿಯಾಗಿ ಹೇಳುತ್ತಿತ್ತು! ಕಾರಣ ಸರಳ: ಮೊದಲು ಮೇಲಕ್ಕೆ ಬಗ್ಗಿಸುವ ಟ್ರಯಲ್‌ಗಳೆಲ್ಲ, ಆಮೇಲೆ ಕೆಳಕ್ಕೆ, ಕೊನೆಗೆ ಹಿಮ್ಮಡಿ ಎಂದು ಸಾಲಾಗಿ ಮುಗಿಸಲಾಗಿತ್ತು. ಹೊತ್ತು ಕಳೆದಂತೆ ನರದ ಸುತ್ತಲಿನ ತೇವ ಆರುತ್ತದೆ, ಇಂಪೀಡೆನ್ಸ್ ಏರುತ್ತದೆ, ಗದ್ದಲದ ಮಟ್ಟ ಬದಲಾಗುತ್ತದೆ. ಮಾದರಿ ಕಲಿತದ್ದು ಆ ಏರಿಕೆಯನ್ನು, ಅಂದರೆ ಹೊತ್ತನ್ನು. ಆಳವಾದ ನ್ಯೂರಲ್ ನೆಟ್‌ವರ್ಕ್ ಇಂಥದ್ದನ್ನು ಹೆಕ್ಕುವುದರಲ್ಲಿ ಮಹಾ ಚುರುಕು.

ಮೂರನ್ನೂ ಅಡ್ಡಾದಿಡ್ಡಿ ಕ್ರಮದಲ್ಲಿ ಬೆರೆಸಿ ಮತ್ತೆ ದಾಖಲಿಸಿದಾಗ ಖಾಲಿ ಭಾಗದ ಅಂಕ ಮೂರಲ್ಲೊಂದಕ್ಕೆ, ಅಂದರೆ ಬರೀ ಊಹೆಯ ಮಟ್ಟಕ್ಕೆ ಕುಸಿಯಿತು. ನಿಜವಾದ ಟ್ರಯಲ್‌ಗಳದ್ದು ಅದಕ್ಕಿಂತ ಮೇಲೇ ಉಳಿಯಿತು.

ಡಿಕೋಡರ್ ಓದುತ್ತಿರುವುದು ನರವನ್ನಲ್ಲ, ಪಕ್ಕದ ಸ್ನಾಯುವನ್ನೇನೋ ಎಂಬ ಸಂಶಯ ಬಾಕಿಯಿತ್ತು. 5 ಮಿಲಿಮೀಟರ್ ಅಂತರದ ಎರಡು ಜಾಗಗಳ ನಡುವೆ, ಸೆಕೆಂಡಿಗೆ 50 ಮೀಟರ್ ಓಡುವ ನರಸಂಕೇತ 0.1 ಮಿಲಿಸೆಕೆಂಡ್ ತಡವಾಗುತ್ತದೆ; 30 ಕಿಲೋಹರ್ಟ್ಸ್ (ಸೆಕೆಂಡಿಗೆ 30 ಸಾವಿರ ಬಿಂದು) ದಾಖಲೆಯಲ್ಲಿ ಮೂರೇ ಬಿಂದು. ಸ್ನಾಯುವಿನದು ಎರಡೂ ಕಡೆ ಒಟ್ಟಿಗೇ ಕಾಣಿಸುತ್ತದೆ. ಸರಾಸರಿ ತೆಗೆದಾಗ ಆ ಮೂರು ಬಿಂದುಗಳ ತಡ ಕಂಡಿತು, ಪಾದದ ಕಡೆಯಿಂದ ಬೆನ್ನುಹುರಿಯ ಕಡೆಗೆ. ಕೊನೆಗೆ ಕಫ್‌ನ ಕೆಳಗೆ, ಪಾದದ ಬದಿಗೆ, ನರದ ಮೇಲೆ ಸಂಕೇತ ತಡೆಯುವ ಔಷಧ ಲಿಡೋಕೇನ್ ಹಾಕಿ ಕಾದೆವು. ಪಾದವನ್ನು ಮೊದಲಿನಂತೆಯೇ ಬಗ್ಗಿಸುತ್ತಿದ್ದೆವು, ಡಿಕೋಡರ್ ಮಾತ್ರ ಊಹೆಗೆ ಇಳಿಯಿತು. ಅದನ್ನು ನೋಡಿದ ಮೇಲೆಯೇ ಆಂಪ್ಲಿಫೈಯರ್ ಆರಿಸಿದ್ದು.