ಆದಿತಾಳದಲ್ಲಿ ಜಾಝ್

ಹೆಡ್‌ಫೋನಿನಲ್ಲಿ ಆ ಜಾಝ್ ಗಾಯಕಿಯ ಉಸಿರು ಇಷ್ಟು ಸ್ಪಷ್ಟವಾಗಿ ಕೇಳಿಸಿದ್ದೇ ಇಲ್ಲ. ಶನಿವಾರ ಸಂಜೆ ಕುವೆಂಪುನಗರದ ಪುಟ್ಟ ಸಭಾಂಗಣದ ಎರಡನೇ ಸಾಲಿನಲ್ಲಿ ಕೇಳಿಸಿತು. ಬೇಕೆಂದೇ ತಡಮಾಡಿ, ತಾಳಕ್ಕಿಂತ ಕೂದಲೆಳೆಯಷ್ಟು ಹಿಂದೆ ನಡೆಯುವುದು ಅವರ ವರಸೆ.

ಪಕ್ಕದಲ್ಲಿ ಸೋದರಮಾವ; ದಸರಾ ಕಚೇರಿಗಳನ್ನು ಬಿಟ್ಟವರಲ್ಲ, ಇಲ್ಲಿಗೆ ನನ್ನ ಬಲವಂತಕ್ಕೆ ಬಂದವರು. ಸುತ್ತಲಿನವರು ಎರಡು ಮತ್ತು ನಾಲ್ಕನೇ ಎಣಿಕೆಗೆ ಚಪ್ಪಾಳೆ ತಟ್ಟುತ್ತಿದ್ದರೆ ಇವರು ತೊಡೆಯ ಮೇಲೆ ಆದಿತಾಳ ಹಾಕುತ್ತಿದ್ದರು. ಲೆಕ್ಕವೇನೋ ಸರಿಯೇ: ನಾಲ್ಕೆಣಿಕೆಯ 32 ಬಾರ್‌ಗಳ ಹಾಡಿನ ಒಂದು ಸುತ್ತೆಂದರೆ ಎಂಟೆಣಿಕೆಯ ಆದಿತಾಳದ 16 ಆವರ್ತನ. ಡಬಲ್ ಬೇಸ್ ಎಂಬ ದೊಡ್ಡ ತಂತಿವಾದ್ಯ ಒಂದೇ ನುಡಿಯುವಾಗಲೂ ಆ ಸುತ್ತು ಒಳಗೊಳಗೇ ಓಡುತ್ತಿರುತ್ತದೆ. ಗಾಯಕಿ ಸರಿಯಾದ ಜಾಗಕ್ಕೇ ಬಂದು ಸೇರಿದಾಗ ಮಾವ ‘ಭಲೇ’ ಎಂದರು, ತುಸು ಜೋರಾಗಿಯೇ.

ಆಮೇಲೆ ಸ್ಕ್ಯಾಟ್, ಅರ್ಥವಿಲ್ಲದ ಅಕ್ಷರಗಳಲ್ಲಿ ಸ್ವರ ಹೆಣೆಯುವ ಆಟ. 1960ರಲ್ಲಿ ಬರ್ಲಿನ್ ವೇದಿಕೆಯಲ್ಲಿ ಜಾಝ್ ಗಾಯಕಿ ಎಲಾ ಫಿಟ್ಜೆರಾಲ್ಡ್ ಸಾಹಿತ್ಯ ಮರೆತು, ನಿಂತಲ್ಲೇ ಹೊಸ ಸಾಲು ಕಟ್ಟಿ ಹಾಡಿದ್ದನ್ನೂ, ಅದಕ್ಕೆ ಗ್ರ್ಯಾಮಿ ಬಂದದ್ದನ್ನೂ ಮಾವನ ಕಿವಿಯಲ್ಲಿ ಹೇಳಿದೆ.

‘ನೆರವಲ್ ಮಾಡಿದ್ದಾರೆ, ಬಿಡು.’

ನೆರವಲ್‌ನಲ್ಲಿ ಸಾಹಿತ್ಯ ಉಳಿದು ಸಂಚಾರ ಬದಲಾಗುತ್ತದೆ, ಇದು ಅದರ ತಲೆಕೆಳಗು ಎಂದು ವಾದಕ್ಕಿಳಿದೆ. ಹಿಂದಿನ ಸಾಲಿನವರು ‘ಶ್’ ಎಂದರು.