ಕೊನೇ ಬಸ್ ಎಷ್ಟು ಗಂಟೆಗೆ?

ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಹೋಬಳಿ ಕೇಂದ್ರದ ಶಾಲೆ, ಸುತ್ತಲಿನ ಹಳ್ಳಿಗಳ ಮಕ್ಕಳು ಬರುತ್ತಾರೆ. ಹತ್ತನೇ ತರಗತಿಯವರಿಗೆ ಮುಂದೇನು ಅಂತ ಹೇಳಿಕೊಡುವ ಕೆಲಸ ಯಾರದೋ ಹೆಗಲಿಗೆ ಬೀಳಬೇಕಿತ್ತು, ನನ್ನ ಹೆಗಲಿಗೆ ಬಿತ್ತು.

ಮೊದಮೊದಲು ಅದನ್ನೂ ಪಾಠದ ಹಾಗೇ ಮಾಡಿದೆ. ಬೋರ್ಡ್ ತುಂಬ ಬಾಣದ ಗುರುತು. ಎಸ್ಸೆಸ್ಸೆಲ್ಸಿಯಿಂದ ಪಿಯುಸಿಗೆ ಒಂದು, ಡಿಪ್ಲೊಮಾಕ್ಕೆ ಒಂದು, ಐಟಿಐಗೆ ಒಂದು. ಪಿಯುಸಿ ಕೆಳಗೆ ಸೈನ್ಸಿನ ಪಿಸಿಎಂಬಿ (ಬಯಾಲಜಿ ಇರುವುದು), ಪಿಸಿಎಂಸಿ (ಕಂಪ್ಯೂಟರ್ ಇರುವುದು), ಆಮೇಲೆ ಕಾಮರ್ಸ್, ಆರ್ಟ್ಸ್. ಮಕ್ಕಳು ಅಚ್ಚುಕಟ್ಟಾಗಿ ಬರೆದುಕೊಳ್ಳುತ್ತಿದ್ದರು. ಒಬ್ಬರೂ ಪ್ರಶ್ನೆ ಕೇಳುತ್ತಿರಲಿಲ್ಲ. ಎಲ್ಲರಿಗೂ ಅರ್ಥವಾಯಿತು ಅಂತ ನಾನು ಖುಷಿಪಡುತ್ತಿದ್ದೆ. ಪ್ರಶ್ನೆ ಬರದ ಕ್ಲಾಸು ಎಂಥದ್ದು ಅಂತ ಗಣಿತದ ಮೇಷ್ಟ್ರಿಗಾದರೂ ಗೊತ್ತಿರಬೇಕಿತ್ತು, ಅಲ್ವಾ?

2023ರಲ್ಲಿ ನಮ್ಮ ಒಬ್ಬ ಹುಡುಗಿ 625ಕ್ಕೆ 571 ತೆಗೆದಳು. ಸೈನ್ಸ್ ಓದಿ ಆಸ್ಪತ್ರೆಯಲ್ಲಿ ಲ್ಯಾಬ್ ಕೆಲಸ ಮಾಡಬೇಕು ಅನ್ನುವುದು ಅವಳ ಆಸೆ. ಹೋಬಳಿಯ ಪಿಯು ಕಾಲೇಜಿನಲ್ಲಿ ಆರ್ಟ್ಸ್, ಕಾಮರ್ಸ್ ಮಾತ್ರ ಇದೆ. ಸೈನ್ಸ್ ಬೇಕೆಂದರೆ ತಾಲ್ಲೂಕಿಗೇ ಹೋಗಬೇಕು. ಪೋಷಕರ ಸಭೆಯಲ್ಲಿ ನಾನು ಪಿಸಿಎಂಬಿ ಬಗ್ಗೆ ಉದ್ದುದ್ದ ಮಾತಾಡಿದೆ. ಕೊನೆಯಲ್ಲಿ ಅವಳ ತಾಯಿ ಮೆಲ್ಲಗೆ ಕೇಳಿದರು, "ಮೇಷ್ಟ್ರೇ, ಸಂಜೆ ಬಸ್ಸು ಎಷ್ಟೊತ್ತಿಗೆ?"

ನಾನು ನಕ್ಕುಬಿಟ್ಟೆ. "ಬಸ್ ಇದ್ದೇ ಇರುತ್ತಮ್ಮ. ಈಗಂತೂ ಹೆಣ್ಣುಮಕ್ಕಳಿಗೆ ಫ್ರೀ" ಅಂದೆ. ಅದೇ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾಗಿತ್ತು.

ಟಿಕೆಟ್ ಫ್ರೀ ಇತ್ತು, ಬಸ್ಸೇ ಇರಲಿಲ್ಲ. ಅವಳ ಊರಿಗೆ ಕೊನೇ ಬಸ್ ನಾಲ್ಕೂ ಕಾಲಿಗೆ. ಲ್ಯಾಬ್ ಇದ್ದ ದಿನ ಕಾಲೇಜು ಬಿಡುವುದು ನಾಲ್ಕೂವರೆಗೆ. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಅಂತ ವಾರಕ್ಕೆ ಮೂರು ದಿನ ಲ್ಯಾಬು. ಆ ಮೂರು ದಿನವೂ ಬೇರೆ ಬಸ್ ಹತ್ತಿ, ಕ್ರಾಸಿನಲ್ಲಿ ಇಳಿದು, ಮೂರು ಕಿಲೋಮೀಟರ್ ನಡೆಯಬೇಕು. ಕೆಲವು ವಾರ ಅಪ್ಪ ಟಿವಿಎಸ್ ತಗೊಂಡು ಕ್ರಾಸಿಗೆ ಬಂದು ನಿಲ್ಲುತ್ತಿದ್ದರಂತೆ. ರಾಗಿ ಕುಯ್ಲು ಶುರುವಾದ ಮೇಲೆ ಅದೂ ನಿಂತಿತು. ದೀಪಾವಳಿ ರಜೆಗೆ ಬಂದವಳು ಮತ್ತೆ ಕಾಲೇಜಿಗೆ ಹೋಗಲಿಲ್ಲ.

ನನಗೆ ಗೊತ್ತಾಗಿದ್ದು ಜನವರಿಯಲ್ಲಿ, ಸಂತೆಯಲ್ಲಿ ಅವಳ ತಾಯಿ ಸಿಕ್ಕಾಗ. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತಾಲ್ಲೂಕಿನಲ್ಲಿ ಹೆಣ್ಣುಮಕ್ಕಳ ಮೆಟ್ರಿಕ್ ನಂತರದ ಹಾಸ್ಟೆಲ್ ಇದೆ. ಸಮಯಕ್ಕೆ ಸರಿಯಾಗಿ ಅರ್ಜಿ ಹಾಕಿಸಿದ್ದರೆ ಸೀಟು ಸಿಗುತ್ತಿತ್ತೇನೋ. ನನ್ನ ಬೋರ್ಡಿನ ಬಾಣಗಳಲ್ಲಿ ಹಾಸ್ಟೆಲ್ ಅನ್ನುವ ಪದವೇ ಇರಲಿಲ್ಲ. ಮುಂದಿನ ವರ್ಷ ಅವಳು ಹೋಬಳಿಯಲ್ಲೇ ಕಾಮರ್ಸ್ ಸೇರಿದಳು. ಚೆನ್ನಾಗೇ ಓದಿದಳು. ಆದರೆ ಅವಳು ಕೇಳಿದ್ದು ಅದಲ್ಲ.

ಅಲ್ಲಿಂದ ಒಂದು ಉದ್ದನೆಯ ನೋಟ್‌ಬುಕ್ ಇಟ್ಟಿದ್ದೇನೆ. ಒಂಬತ್ತನೇ ತರಗತಿಯಲ್ಲೇ ಶುರು. ಪ್ರತಿ ಮಗುವಿಗೆ ಒಂದು ಪುಟ. "ದೊಡ್ಡವನಾದ ಮೇಲೆ ಏನಾಗ್ತೀಯ" ಅಂತ ಮೊದಲು ಕೇಳುವುದಿಲ್ಲ. ಕೇಳಿದರೆ ಅರ್ಧ ಜನ ಪೊಲೀಸ್, ಇನ್ನರ್ಧ ಡಾಕ್ಟರ್. ಊರು ಯಾವುದು, ಬೆಳಗ್ಗೆ ಮೊದಲ ಬಸ್ ಎಷ್ಟಕ್ಕೆ, ಸಂಜೆ ಕೊನೇ ಬಸ್ ಎಷ್ಟಕ್ಕೆ, ಓದಿನ ವಿಷಯ ಮನೆಯಲ್ಲಿ ಯಾರು ತೀರ್ಮಾನ ಮಾಡುತ್ತಾರೆ ಅಂತ ಕೇಳುತ್ತೇನೆ. ಕೊನೆಯ ಪ್ರಶ್ನೆಗೆ ಎಷ್ಟೋ ಸಲ ಉತ್ತರ ಅಪ್ಪ ಅಲ್ಲ, ಸೋದರಮಾವ. ಹಾಗಾದರೆ ಸಭೆಗೆ ಮಾವನನ್ನೇ ಕರೆಸಬೇಕು. ಅಪ್ಪನಿಗೆ ಎಷ್ಟು ಹೇಳಿದರೂ ಸುಮ್ನೆ.

ಇನ್ನೊಂದು ಪ್ರಶ್ನೆ, ಒಂದನೇ ಕ್ಲಾಸಿನಿಂದ ಎಲ್ಲೆಲ್ಲಿ ಓದಿದೆ ಅನ್ನುವುದು. ಇಂಜಿನಿಯರಿಂಗ್‌ನಂಥ ಕೋರ್ಸುಗಳ ಪ್ರವೇಶ ಪರೀಕ್ಷೆ ಸಿಇಟಿಯಲ್ಲಿ ಗ್ರಾಮೀಣ ಕೋಟಾ ಶೇ. 15, ಕನ್ನಡ ಮಾಧ್ಯಮದ ಕೋಟಾ ಶೇ. 5 ಇದೆ. ಎರಡಕ್ಕೂ ಒಂದರಿಂದ ಹತ್ತರವರೆಗಿನ ಲೆಕ್ಕ ಬೇಕು. ನಮ್ಮ ಒಬ್ಬ ಹುಡುಗನ ಅಪ್ಪ ಅಮ್ಮ ಒಂದು ವರ್ಷ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿದ್ದರು. ಅವನು ನಾಲ್ಕನೇ ಕ್ಲಾಸು ಅಲ್ಲೇ ಓದಿದ್ದ. ಆ ಒಂದೇ ವರ್ಷಕ್ಕೆ ಗ್ರಾಮೀಣ ಕೋಟಾ ಹೋಯಿತು. ಓದಿದ್ದು ಸರ್ಕಾರಿ ಕನ್ನಡ ಶಾಲೆ, ಹಾಗಾಗಿ ಕನ್ನಡದ್ದು ಉಳಿಯಿತು. ಆದರೆ ಅದರ ಪ್ರಮಾಣಪತ್ರಕ್ಕೆ ಆ ಶಾಲೆಯ ಸಹಿ ಬೇಕು, ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಓ) ಸಹಿ ಬೇಕು. ಸಿಇಟಿ ಹೊತ್ತಿಗೆ ಓಡಾಡುವ ಬದಲು ಹತ್ತನೇ ತರಗತಿಯ ದಸರಾ ರಜೆಯಲ್ಲೇ ಅವನನ್ನು ಬೆಂಗಳೂರಿಗೆ ಕಳಿಸಿದೆವು.

ಹೆಸರಿನ ಗೋಳು ಬೇರೆ. ಆಧಾರ್‌ನಲ್ಲಿ ಇನಿಷಿಯಲ್ ಹಿಂದೆ, ಶಾಲೆಯ ದಾಖಲೆಯಲ್ಲಿ ಮುಂದೆ. ಸ್ಕಾಲರ್‌ಶಿಪ್ ಅರ್ಜಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಅದಕ್ಕೇ ಪರೀಕ್ಷೆಗೆ ಹೆಸರು ಕಳಿಸುವ ಮೊದಲೇ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇನೆ.

ಬಾಣಗಳನ್ನು ಈಗಲೂ ಬರೆಯುತ್ತೇನೆ, ಆದರೆ ಒಂದಕ್ಕೊಂದು ಸೇರಿಸಿ. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರಬಹುದು. ಡಿಪ್ಲೊಮಾ ಮುಗಿಸಿ ಡಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದರೆ ಬಿಇ ಎರಡನೇ ವರ್ಷಕ್ಕೆ. ಇದನ್ನು ಹೇಳಿದಾಗ ಹಿಂದಿನ ಬೆಂಚಿನವರು ತಲೆ ಎತ್ತುತ್ತಾರೆ. ಮೊದಲ ಸಲ ಪ್ರಶ್ನೆ ಬಂದಿದ್ದೂ ಅಲ್ಲಿಂದಲೇ.

ರಿಸಲ್ಟ್ ದಿನ ಫೋನ್ ಮಾಡುವ ಕ್ರಮವನ್ನೂ ಬದಲಾಯಿಸಿದ್ದೇನೆ. ಜಾಸ್ತಿ ಅಂಕ ತೆಗೆದವರಿಗೆ ಫೋನ್ ಮಾಡಲು ಊರೆಲ್ಲ ಇದೆ. ನಾನು ಮೊದಲು ಮಾಡುವುದು ಫೇಲಾದವರಿಗೆ. ಈಗ ವರ್ಷಕ್ಕೆ ಒಂದೇ ಪರೀಕ್ಷೆ ಅಲ್ಲ. ಪರೀಕ್ಷೆ-2 ಪಾಸು ಮಾಡಿಕೊಂಡು ಅದೇ ವರ್ಷ ಮುಂದಕ್ಕೆ ಸೇರಬಹುದು. ಆದರೆ ಫೇಲು ಅಂತ ಗೊತ್ತಾದ ವಾರದಲ್ಲೇ ಹುಡುಗರನ್ನು ಕೆಲಸಕ್ಕೆ ಕಳಿಸುವ ಮನೆಗಳಿವೆ. ಒಮ್ಮೆ ಬಸ್ ಹತ್ತಿ ಬೆಂಗಳೂರು ಸೇರಿದರೆ ಫೋನ್ ಸ್ವಿಚ್ ಆಫ್.

ಆ ಹುಡುಗಿಯ ತಂಗಿ ಈಗ ಒಂಬತ್ತರಲ್ಲಿದ್ದಾಳೆ. ಹೋದ ವಾರ ತನ್ನ ಪುಟ ತಾನೇ ತುಂಬಿಸಿ ಕೊಟ್ಟಳು. ಸಂಜೆ ಕೊನೇ ಬಸ್ ಎಂಬಲ್ಲಿ ಐದೂಮುಕ್ಕಾಲು ಅಂತಿತ್ತು. "ಹೊಸ ಬಸ್ ಬಿಟ್ಟಿದ್ದಾರೆ ಸರ್" ಅಂದಳು. ನಾನು ಇನ್ನೂ ಡಿಪೋಗೆ ಹೋಗಿ ಕೇಳಿಲ್ಲ. ಶನಿವಾರ ಮಧ್ಯಾಹ್ನ ಹೋಗಬೇಕು.